‘ನೋಡುವ’ ಎಂದರೆ ಇಲ್ಲ

ಊರಿನಲ್ಲಿ ನನ್ನ ಬಗ್ಗೆ ಇರುವ ಗೌರವದಲ್ಲಿ ಅರ್ಧಕ್ಕರ್ಧ ನನ್ನ ಪುಕ್ಕಲುತನದಿಂದ ಬಂದದ್ದು. ನಾನು ಒಂದು ಕಾಲೇಜಿನ ಪ್ರಾಂಶುಪಾಲ, ಇತಿಹಾಸದ ವಿದ್ವಾಂಸ. ಸಭೆಯಲ್ಲಿ ಅಧ್ಯಕ್ಷನಾಗಿ ತುಟಿ ಬಿಚ್ಚದೆ ಕುಳಿತರೆ ಜನ "ಎಷ್ಟು ತೂಕದ ಮನುಷ್ಯ" ಎನ್ನುತ್ತಾರೆ. ಮೈಕು ನೋಡಿ ನಾಲಿಗೆ ಒಣಗಿದೆ ಎಂಬುದು ನನಗೆ ಗೊತ್ತು, ನನ್ನ ಮಡದಿ ವಿಮಲಾಳಿಗೆ ಗೊತ್ತು.

ನನ್ನ ಇಡೀ ವೃತ್ತಿಜೀವನವೇ ಹೀಗೆ ಒಂದು ಹೆದರಿಕೆಯಿಂದ ಇನ್ನೊಂದಕ್ಕೆ ಬಡ್ತಿ ಪಡೆದುಕೊಂಡು ಬಂದದ್ದು. ಇತಿಹಾಸ ತೆಗೆದುಕೊಂಡದ್ದು ಲೆಕ್ಕಕ್ಕೆ ಹೆದರಿ. ಕಾರ್ಕಳದ ಶಾಲೆಯಲ್ಲಿ ಲೆಕ್ಕದ ಮಾಸ್ಟ್ರು ಬೋರ್ಡಿನ ಕಡೆಗೆ ತಿರುಗಿದರೆ ನಾನು ಗುಡ್ಡದ ಮೇಲಿನ ಗೊಮ್ಮಟನ ಕಡೆಗೆ ತಿರುಗುತ್ತಿದ್ದೆ. ಅಷ್ಟು ಶತಮಾನಗಳಿಂದ ನಿಂತಿದ್ದರೂ ಅವನನ್ನು ಯಾರೂ ಬೋರ್ಡಿಗೆ ಕರೆದಿರಲಿಲ್ಲ. ಆಮೇಲೆ ಸಂಶೋಧನೆಗೆ ಶಾಸನಗಳನ್ನು ಆರಿಸಿಕೊಂಡದ್ದು ಬದುಕಿರುವವರಿಗೆ ಹೆದರಿ. ಸತ್ತ ರಾಜರನ್ನು ಎಷ್ಟು ಕೆದಕಿದರೂ ತಿರುಗಿ ಪ್ರಶ್ನೆ ಕೇಳುವುದಿಲ್ಲ. ಇನ್ನು ಪ್ರಾಂಶುಪಾಲನಾದ ಕಥೆ. ನಮ್ಮ ಕಾಲೇಜು ನಡೆಸುವ ಯಜಮಾನರನ್ನು ನಾವು ಸಂಚಾಲಕರು ಎನ್ನುತ್ತೇವೆ. ಹಿಂದಿನ ಪ್ರಾಂಶುಪಾಲರು ನಿವೃತ್ತರಾದ ಮರುದಿನ ಅವರು ನನ್ನನ್ನು ಕರೆಸಿ, ಕುರ್ಚಿ ತೋರಿಸಿ, "ನೀವೇ ಕುಳಿತುಕೊಳ್ಳಿ, ಆಗಬಹುದಾ?" ಎಂದರು. ನಿಂತು ಕಾಲು ನಡುಗುತ್ತಿದ್ದ ನನಗೆ ಅದು ಉಪಚಾರದ ಮಾತಾಗಿ ಕೇಳಿಸಿತು. "ಆಗಬಹುದು" ಎಂದು ಕುಳಿತೆ. ಹೊರಗೆ ಬಂದಾಗ ಸಹೋದ್ಯೋಗಿಗಳೆಲ್ಲ ಕೈಕುಲುಕಿದರು. ಏಕೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಆ ಕುರ್ಚಿಯಲ್ಲಿ ಕುಳಿತ ಮೇಲೆ ನಿದ್ದೆ ಹೋಯಿತು, ಬಿ.ಪಿ. ಬಂತು. ಮಣಿಪಾಲದ ನಮ್ಮ ಮನೆಯಲ್ಲಿ ಫೋನು ಹೊಡೆದುಕೊಂಡರೆ ನಾನು ಮೊದಲು ಎದೆ ಮುಟ್ಟಿಕೊಂಡು ಆಮೇಲೆ ಫೋನು ಮುಟ್ಟುತ್ತೇನೆ. ವಿಮಲಾ ಇದನ್ನೆಲ್ಲ ನೋಡಿ, "ಹೆದರಿ ಸಾಯುವುದಕ್ಕೆ ಕಾಲೇಜೇ ಆಗಬೇಕಾ? ಮನೆಯಲ್ಲಿ ನಾನಿಲ್ವಾ?" ಎಂದಳು. ಅವಳ ಮಾತಿಗೆ ಒಪ್ಪಿ, ಈ ಜೂನಿನಲ್ಲಿ ಕುರ್ಚಿ ಬಿಟ್ಟುಬಿಡುತ್ತೇನೆಂದು ಮಾತು ಕೊಟ್ಟಿದ್ದೆ.

ಅಷ್ಟರಲ್ಲಿ ಸಂಚಾಲಕರು ಕರೆದರು. "ಇತಿಹಾಸ ಓದ್ಲಿಕ್ಕೆ ಈಗ ಜನವೇ ಇಲ್ಲ ಸರ್. ಬಿ.ಎ.ಗೆ ಹತ್ತು ಮಂದಿಯಾದ್ರೂ ಆಗದಿದ್ರೆ ಸೆಕ್ಷನ್ ಮುಚ್ಚುವ" ಎಂದರು.

"ಹತ್ತು ಮಂದಿ ಆದರೆ?" ಎಂದೆ.

"ಆದ್ರೆ ನೋಡುವ."

ಬೇರೆ ಸೀಮೆಯವರಿಗೆ ಈ ಮಾತಿನ ಅರ್ಥ ಹೇಳಬೇಕು. ನಮ್ಮ ಉಡುಪಿಯ ಕಡೆ ಯಾರೂ ಮುಖಕ್ಕೆ ಹೊಡೆದ ಹಾಗೆ ‘ಇಲ್ಲ’ ಎನ್ನುವುದಿಲ್ಲ. ನೋಡೋಣ ಎಂಬ ಅರ್ಥದಲ್ಲಿ ‘ನೋಡುವ’ ಎನ್ನುತ್ತಾರೆ. ಹೆಣ್ಣು ಕೇಳಲು ಹೋದರೆ ನೋಡುವ, ಯಕ್ಷಗಾನದ ಆಟಕ್ಕೆ ಭಾಗವತರನ್ನು ಕರೆದರೆ ನೋಡುವ. ಘಟ್ಟದ ಮೇಲಿನವರು ಅದನ್ನು ನಂಬಿ ವಾರಗಟ್ಟಲೆ ಕಾಯುತ್ತಾರೆ. ನಮ್ಮವರು ಅಲ್ಲಿಂದಲೇ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ನಾನು ಹೊರಡಲಾರದೆ ನಿಂತೆ. ಸೆಕ್ಷನ್ ಮುಚ್ಚುವ ಕಾಗದಕ್ಕೆ ಸಹಿ ಹಾಕಬೇಕಾದವನು ನಾನೇ. ಜೀವನಪೂರ್ತಿ ಶಾಸನ ಓದಿ ಅನ್ನ ತಿಂದವನು ಬರೆಯುವ ಒಂದೇ ಒಂದು ಶಾಸನ ಅದಾಗುತ್ತದೆಂದು ನೆನೆಸಿ, ಜೇಬಿನ ಪೆನ್ನನ್ನು ಇನ್ನಷ್ಟು ಒಳಗೆ ತಳ್ಳಿದೆ.

ಹಾಗಾಗಿ ಮನೆ ಮನೆಗೆ ಹೋಗಿ ಮಕ್ಕಳನ್ನು ಕೇಳುವುದೆಂದಾಯಿತು. ಅರ್ಥಶಾಸ್ತ್ರದ ಸುಮತಿ ಮೇಡಂ ಅವರ ಕಾರಿನಲ್ಲಿ ಎಲ್ಲೂರು, ಪಡುಬಿದ್ರಿ ಎಂದು ಸುತ್ತಿದೆವು. ಮನೆಯವರಿಗೆ ಹೆದರುವ ಮೊದಲು ಅವರ ನಾಯಿಗೆ ಹೆದರುವ ಕೆಲಸ ಇತ್ತು. ಪ್ರತಿ ಮನೆಯಿಂದಲೂ "ಬನ್ನಿ ಬನ್ನಿ, ಅದು ಎಂತ ಮಾಡುವುದಿಲ್ಲ" ಎಂಬ ಕೂಗು ಬರುತ್ತಿತ್ತು. ಆ ಮಾತು ನಾಯಿಗಿಂತ ನನಗೆ ಹೆಚ್ಚು ಒಪ್ಪುತ್ತದೆ ಎಂದು ಸುಮತಿಯವರಿಗೆ ಅನಿಸಿರಬೇಕು, ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಒಳಗೆ ಹೋದರೆ ಆಸರಿಗೆ, ಅಂದರೆ ಬಾಯಾರಿಕೆಗೆ, ಶರಬತ್ತು ಕೊಟ್ಟು, ಮಗನನ್ನು ಕರೆದು ತೋರಿಸಿ, ಬಿ.ಎ. ಎಂದ ಕೂಡಲೇ "ನೋಡುವ ಸರ್" ಎನ್ನುತ್ತಿದ್ದರು. ಹಾಗೂ ಹೀಗೂ ಎಂಟು ಮಂದಿ ಆದರು.

ಕಾಪುವಿನಲ್ಲಿ ಕೊನೆಯ ಮನೆ ಗಿರಿಜಕ್ಕನದ್ದು. ಉಡುಪಿಯಲ್ಲಿ ಮೀನು ಮಾರುವವರು. ಅವರ ಮಗ ಸಂತೋಷ ನಮ್ಮಲ್ಲೇ ಬಿ.ಕಾಂ. ಓದುತ್ತಿದ್ದಾನೆ. ಗೇಟಿನಲ್ಲಿ ನನ್ನನ್ನು ಕಂಡದ್ದೇ ಅವರ ಮುಖ ಬಿಳಿಚಿತು. "ಅಯ್ಯೋ ದೇವರೇ, ಸಂತು ಎಂತ ಮಾಡಿದ ಸರ್?" ಎಂದರು. ಒಳಗೆ ಯಾರೋ ಹಿಂಬಾಗಿಲಿನಿಂದ ಓಡಿದ ಸದ್ದಾಯಿತು. ಅವರ ನಾಯಿಗೆ ಹೆದರಿ ನಾನು ಗೇಟಿನಲ್ಲಿ, ನನಗೆ ಹೆದರಿ ಅವರು ಬಾಗಿಲಲ್ಲಿ, ಹೀಗೆ ಸ್ವಲ್ಪ ಹೊತ್ತು ನಿಂತೆವು. ನನಗೂ ಯಾರಾದರೂ ಹೆದರುತ್ತಾರೆ ಎಂಬುದು ಮನಸ್ಸಿಗೆ ಒಂದಿಷ್ಟು ಹಿತವಾಯಿತು ಎಂದು ನಾಚಿಕೆಯಿಂದ ಹೇಳುತ್ತೇನೆ.

ಒಳಗೆ ಕುಳಿತು ಶರಬತ್ತು ಕುಡಿದ ಮೇಲೆ, ನಾವು ಬಂದದ್ದು ಮಗಳು ದೀಕ್ಷಾಳಿಗಾಗಿ ಎಂದೆವು. ಅವಳ ಪಿ.ಯು.ಸಿ. ಮುಗಿದಿತ್ತು. ತಾಯಿಯ ಬೆನ್ನ ಹಿಂದೆ ಅರ್ಧ ಕಾಣುವ ಹಾಗೆ ನಿಂತಿದ್ದಳು. ಆ ನಿಲುವು ನನಗೆ ಚೆನ್ನಾಗಿ ಗೊತ್ತು.

"ನಂಗೆ ಇತಿಹಾಸ ಓದ್ಲಿಕ್ಕೆ ಆಸೆ ಉಂಟು ಸರ್," ಎಂದಳು. "ಆದ್ರೆ ಸೆಕ್ಷನ್ ಮುಚ್ತಾರೆ ಅಂತ ಅಣ್ಣ ಹೇಳ್ತಾನೆ. ನಾನು ಸೇರಿದ ಮೇಲೆ ಮುಚ್ಚಿದ್ರೆ ಎಂತ ಮಾಡುವುದು? ಮೂರು ವರ್ಷ ಇರ್ತದಾ?"

ನಾನು ಗಂಟಲು ಸರಿಮಾಡಿಕೊಂಡೆ. ಗಾಂಭೀರ್ಯ ತಂದುಕೊಂಡೆ. "ನೋಡುವ" ಎಂದೆ.

ಹುಡುಗಿ ನೆಲ ನೋಡಿದಳು. "ನೋಡುವ ಅಂದ್ರೆ ಇಲ್ಲ ಅಂತ ಅಲ್ವಾ ಸರ್?" ಎಂದು ಮೆಲ್ಲಗೆ ಕೇಳಿದಳು.

"ಹಾಗಾದ್ರೆ ಬಿ.ಕಾಂ.ಗೇ ಸೇರ್ಲಿ ಬಿಡಿ" ಎಂದು ಗಿರಿಜಕ್ಕ ಲೋಟ ತೆಗೆಯಲು ಎದ್ದರು.

ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತ ಹಳೆಯ ಹುಡುಗ ನನ್ನೊಳಗೆ ಬೆವರತೊಡಗಿದ. ತಪ್ಪಿಸಿಕೊಳ್ಳಲು ಅಲ್ಲಿ ಗೊಮ್ಮಟನೂ ಇರಲಿಲ್ಲ. "ಉಂಟು" ಎಂದೆ. "ಮೂರು ವರ್ಷವೂ ಉಂಟು. ನೀನು ಬಾ." ಮಾತಾಡಿದ್ದು ಯಾರು ಎಂದು ಸುಮತಿಯವರ ಕಡೆ ನೋಡಿದೆ. ಅವರು ನನ್ನ ಕಡೆ ನೋಡುತ್ತಿದ್ದರು. ಕಾರು ಹೆದ್ದಾರಿಗೆ ಬಂದ ಮೇಲೆ, "ಸರ್, ಇದನ್ನು ಸಂಚಾಲಕರಿಗೆ ಹೇಳುವುದು ಯಾರು?" ಎಂದು ಕೇಳಿದರು. ಅದುವರೆಗೆ ಯಾರೂ ಬರುವುದಿಲ್ಲ ಎಂದು ಹೆದರಿದ್ದೆ. ಈಗ ಒಬ್ಬಳು ಬರುತ್ತಾಳೆ ಎಂದು ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಮರುದಿನ ಸಂಚಾಲಕರ ಮುಂದೆ ಕುಳಿತೆ. ಅವರು ಎಣಿಸಿದರು. "ಒಂಬತ್ತು. ಒಂದು ಕಡಿಮೆ ಉಂಟಲ್ಲ ಸರ್. ಹ್ಞಾಂ, ನೋಡುವ."

"ನೋಡುವುದು ಬೇಡ ಸರ್," ಎಂದೆ. ಮೇಜಿನ ಅಂಚನ್ನು ಹಿಡಿದುಕೊಂಡಿದ್ದೆ. "ಮೂರು ವರ್ಷ ಉಂಟು ಎಂದು ಒಂದು ಹುಡುಗಿಗೆ ಹೇಳಿ ಬಂದಿದ್ದೇನೆ."

ಮುಂದೆ ಮಾತು ಬರಲಿಲ್ಲ, ನಾಲಿಗೆ ಒಣಗಿತ್ತು. ನನ್ನ ಮೌನದ ತೂಕ ಅವರ ಮೇಲೂ ಬಿದ್ದಿರಬೇಕು. ತುಂಬ ಹೊತ್ತು ನನ್ನ ಮುಖ ನೋಡಿ ಅವರು, "ಹಾಗಾದ್ರೆ ಆ ಹುಡುಗಿ ಓದಿ ಮುಗಿಸುವವರೆಗೆ ನೀವೇ ಕುಳಿತುಕೊಳ್ಳಿ. ಆಗಬಹುದಾ?" ಎಂದರು. ಈ ಸಲ ನಾನು ಮೊದಲೇ ಕುಳಿತಿದ್ದೆ. ಆದ್ದರಿಂದ ಮಾತಿನ ಅರ್ಥದ ಬಗ್ಗೆ ಗೊಂದಲಕ್ಕೆ ಜಾಗವೇ ಇರಲಿಲ್ಲ. "ಆಗಬಹುದು" ಎಂದೆ.

ಮನೆಗೆ ಬಂದಾಗ ವಿಮಲಾ ಜಗಲಿಯಲ್ಲಿ ಕಾಯುತ್ತಿದ್ದಳು. "ಸೆಕ್ಷನ್ ಉಂಟಾ?" ಎಂದಳು.

"ಉಂಟು" ಎಂದೆ.

"ಮತ್ತೆ ಕುರ್ಚಿ ಬಿಡುವುದು?"

ನಾನು ಚಪ್ಪಲಿ ಬಿಡುವುದರಲ್ಲಿ ತುಂಬ ಆಸಕ್ತಿ ತೋರಿಸುತ್ತ, "ನೋಡುವ" ಎಂದೆ.

ವಿಮಲಾ ಉಡುಪಿಯ ಪಕ್ಕದ ಕಲ್ಯಾಣಪುರದವಳು. ಒಳಗೆ ಹೋಗಿ ನನ್ನ ಬಿ.ಪಿ. ಮಾತ್ರೆಯನ್ನೂ ಒಂದು ಲೋಟ ನೀರನ್ನೂ ತಂದು ಕೈಯಲ್ಲಿಟ್ಟಳು.