ಭಂಡಾರ ಬಿದ್ದ ಕ್ಯಾಮೆರಾ

ಮನೆಗೆ ಹೊಸ ವಸ್ತು ಬಂದರೆ ಉಳಿದವರಿಗೆಲ್ಲ ಖುಷಿಯಾಗುತ್ತದೆ, ನನಗೆ ಮಾತ್ರ ಅದನ್ನು ಕಾಯುವ ಚಿಂತೆ ಹತ್ತುತ್ತದೆ. ಹೊಸ ಚಪ್ಪಲಿ ಮೆಟ್ಟಿಕೊಂಡು ಗುಡಿಗೆ ಹೋದರೆ ನನ್ನ ಕೈ ದೇವರಿಗೆ ಮುಗಿದಿರುತ್ತದೆ, ಜೀವ ಬಾಗಿಲ ಹೊರಗಿರುತ್ತದೆ. ಸ್ಕೂಟರ್ ಕೊಂಡ ಹೊಸದರಲ್ಲಿ ಅದಕ್ಕೆ ಗೀರು ಬಿದ್ದೀತೆಂದು ಬಸ್ಸಿನಲ್ಲೇ ಆಫೀಸಿಗೆ ಓಡಾಡಿದವನು ನಾನು. ಇಂಥವನು ಬೆಟ್ಟಕ್ಕೆ ಒಯ್ಯಲೆಂದು ಕ್ಯಾಮೆರಾ ಕೊಂಡದ್ದು, ಇರಲಾರದೆ ಇರುವೆ ಬಿಟ್ಟುಕೊಂಡಂತೆ ಆಯಿತು.

ಆಗಿನ್ನೂ ಡಿಜಿಟಲ್ ಕ್ಯಾಮೆರಾ ಜನಕ್ಕೆ ಹೊಸದು. ಪುಣೆಯ ಶಿವಾಜಿನಗರದ ನಮ್ಮ ಆಫೀಸಿನ ಗುಂಪು ಭಾನುವಾರಗಳಂದು ಊರಾಚೆಯ ಸಿಂಹಗಡದ ಬೆಟ್ಟ ಹತ್ತುತ್ತಿತ್ತು. ಗೆಳೆಯರು ಹುರಿದುಂಬಿಸಿದರು, ನಾನು ಕೊಂಡೆ. ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. ಜೇಬಿಗೆ ಹಾಕಿಕೊಂಡರೆ ಇದೆಯೋ ಇಲ್ಲವೋ ಎಂದೇ ತಿಳಿಯದು. ಮೊದಲ ನೋಟಕ್ಕೆ ನಾನು ಮೆಚ್ಚಿದ ಗುಣ ಅದು, ಆಮೇಲೆ ನನ್ನ ನೆಮ್ಮದಿ ಕೆಡಿಸಿದ್ದೂ ಅದೇ. ಇರುವುದೇ ತಿಳಿಯದಿದ್ದರೆ ಬಿದ್ದದ್ದು ತಿಳಿಯುವುದು ಹೇಗೆ? ಗುಂಡಿ ಒತ್ತಿದರೆ ಆಮೆಯ ತಲೆಯ ಹಾಗೆ ಲೆನ್ಸು ಜುಯ್ ಎಂದು ಹೊರಗೆ ಬರುತ್ತಿತ್ತು. ಅದು ಮತ್ತೆ ಒಳಗೆ ಹೋಗುವ ತನಕ ನಾನು ಉಸಿರು ಬಿಡುತ್ತಿರಲಿಲ್ಲ. ಜೊತೆಗೆ ಕೊಟ್ಟ ಪುಸ್ತಿಕೆಯಲ್ಲಿ ಧೂಳು, ನೀರು, ಬಿಸಿಲು, ಮರಳಿನಿಂದ ದೂರವಿಡಿ ಎಂದಿತ್ತು. ಇವು ಯಾವುವೂ ಇಲ್ಲದ ಬೆಟ್ಟ ಎಲ್ಲಿದೆ ಎಂಬುದನ್ನು ಮಾತ್ರ ಬರೆದಿರಲಿಲ್ಲ.

ಹೀಗಾಗಿ ಮೊದಲ ಸಲ ಸಿಂಹಗಡ ಹತ್ತುವಾಗ ಕ್ಯಾಮೆರಾವನ್ನು ಅದರ ಚೀಲಕ್ಕೆ ಹಾಕಿ, ಆ ಚೀಲವನ್ನು ಪ್ಲಾಸ್ಟಿಕ್ಕಿಗೆ ತುರುಕಿ, ಪ್ಲಾಸ್ಟಿಕ್ಕನ್ನು ಟವೆಲಿನಲ್ಲಿ ಸುತ್ತಿ, ಗಂಟು ಹಾಕಿ ಒಯ್ದೆ. ಮೇಲೆ ಬಂಡೆಯೇರಿ ನಿಂತ ಗೆಳೆಯ ಜೋಶಿ, "ಅರೇ, ಫೋಟೋ ಕಾಢ ನಾ!" ಎಂದು ಮರಾಠಿಯಲ್ಲಿ ಕೂಗಿ ಫೋಟೋ ತೆಗೆಯೆಂದ. ನಾನು ಗಂಟು ಬಿಚ್ಚುವಷ್ಟರಲ್ಲಿ ಮಂಜು ಬಂದು ಕಣಿವೆಯನ್ನೂ ಜೋಶಿಯನ್ನೂ ನುಂಗಿತು. ಮನೆಗೆ ಬಂದು ನೋಡಿದರೆ ಅದರಲ್ಲಿದ್ದದ್ದು ಒಂದೇ ಚಿತ್ರ, ಟವೆಲಿನದು. ಟವೆಲಿನ ಎಳೆ ಎಳೆಯೂ ಎಷ್ಟು ಸ್ಪಷ್ಟವಾಗಿ ಬಂದಿತ್ತೆಂದರೆ, ಕ್ಯಾಮೆರಾ ಒಳ್ಳೆಯದು ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಅವ್ವ ಇದನ್ನೆಲ್ಲ ನೋಡುತ್ತಿದ್ದಳು. ನಮ್ಮ ಮನೆದೇವರು ಮೈಲಾರಲಿಂಗ. ಪುಣೆಯ ಕಡೆ ಅವನೇ ಜೇಜುರಿ ಗುಡ್ಡದ ಖಂಡೋಬಾ. ಧಾರವಾಡ ಬಿಟ್ಟು ನಮ್ಮ ಜೊತೆ ಇರತೊಡಗಿದಾಗಿನಿಂದ ಅವ್ವ ವರ್ಷಕ್ಕೊಮ್ಮೆ ಆ ಗುಡ್ಡ ಹತ್ತುತ್ತಿದ್ದಳು. ಈಚೆಗೆ ಮೊಳಕಾಲು ಕೇಳುತ್ತಿರಲಿಲ್ಲ.

"ಈ ಸಲ ಹ್ಯಾಂಗರ ಮಾಡಿ ಹತ್ತತೀನಿ. ಮುಂದ ನನ್ನ ಕೈಲೆ ಆಗೂದಿಲ್ಲ," ಎಂದಳು. "ಭಂಡಾರ ಹಾರೂವಾಗ ನಂದೊಂದು ಫೋಟೋ ತಗೀಪಾ. ಅಷ್ಟ ಸಾಕು ನನಗ."

ಹೂಂ ಎಂದುಬಿಟ್ಟೆ. ಭಂಡಾರವೆಂದರೆ ಅರಿಷಿಣದ ಪುಡಿ ಎಂಬುದು ಆಮೇಲೆ ತಲೆಗೆ ಹೊಳೆಯಿತು. ಜೇಜುರಿಯಲ್ಲಿ ಅದನ್ನು ಹಣೆಗೆ ಹಚ್ಚಿ ಸುಮ್ಮನಾಗುವುದಿಲ್ಲ, ಮುಷ್ಟಿ ಮುಷ್ಟಿ ಆಕಾಶಕ್ಕೆ ತೂರುತ್ತಾರೆ. ಕಲ್ಲು, ಕಂಬ, ಜನ, ನಾಯಿ ಎಲ್ಲವೂ ಹಳದಿ. ಪುಸ್ತಿಕೆ ಬರೆದವನು ಜೇಜುರಿ ನೋಡಿದ್ದರೆ ಮೊದಲ ಪುಟದಲ್ಲೇ ಅದರ ಹೆಸರು ಹಾಕುತ್ತಿದ್ದ.

ಗುಡ್ಡ ಹತ್ತುವಾಗ ಅವ್ವ ಅಲ್ಲಲ್ಲಿ ಕೂತು, ನನ್ನ ಹೆಂಡತಿ ವಿಜಯಾಳ ತೋಳು ಹಿಡಿದು ಏಳುತ್ತಿದ್ದಳು. ಅವಳನ್ನು ಹಿಡಿಯಬೇಕಾದ ನನ್ನ ಕೈ ಜೇಬಿನ ಮೇಲಿತ್ತು. ಕಡೆಗೂ ಮೇಲೆ ಬಂದು ನಿಂತಾಗ ಅವ್ವನ ಮುಖದಲ್ಲಿ ಒಂದು ನಗೆ ಮೂಡಿತು. ಅಂಥ ನಗೆ ಅಪ್ಪ ಹೋದ ಮೇಲೆ ನಾನು ಕಂಡಿರಲಿಲ್ಲ. "ಏಳುಕೋಟಿ!" ಎಂದು ದೇವರ ಜಯಕಾರ ಕೂಗಿದಳು. ಸುತ್ತಲಿನ ಜನ ಮರಾಠಿಯಲ್ಲಿ, "ಯೇಳಕೋಟ ಯೇಳಕೋಟ, ಜಯ ಮಲ್ಹಾರ!" ಎಂದರು. ಆಕಾಶವೆಲ್ಲ ಅರಿಷಿಣವಾಯಿತು.

"ತಗಿಯೋ, ಈಗ ತಗಿ!" ಎಂದಳು ಅವ್ವ.

"ತಡಿಯವ್ವಾ, ಸ್ವಲ್ಪ ಧೂಳ ಇಳೀಲಿ."

"ಧೂಳ ಇಳಿಯೂ ತನಕ ಆ ಮೊಳಕಾಲ ಮ್ಯಾಲೆ ಅವರು ನಿಂದ್ರಬೇಕೇನ್ರಿ? ಕೊಡ್ರಿ ಇಲ್ಲೆ!" ಎಂದ ವಿಜಯಾ ನನ್ನ ಜೇಬಿಗೇ ಕೈ ಹಾಕಿ ಕ್ಯಾಮೆರಾ ಕಿತ್ತುಕೊಂಡು ಎದುರಿಗೆ ಓಡಿದಳು. ಜುಯ್ ಎಂದು ಲೆನ್ಸು ಹೊರಬಂತು. ಅದೇ ಹೊತ್ತಿಗೆ ಪಕ್ಕದವರೊಬ್ಬರು ತಾಟಿನ ಭಂಡಾರವನ್ನೆಲ್ಲ ಒಮ್ಮೆಲೇ ಮೇಲಕ್ಕೆ ತೂರಿದರು. ನಾನು ಅವ್ವನ ಹಿಂದೆ ನಿಂತು, ಎರಡೂ ಕೈ ಮೇಲೆತ್ತಿ, "ಯಪ್ಪಾ ದೇವರೇ! ಮುಚ್ಚ ಅದನ್ನ, ಮುಚ್ಚ!" ಎಂದು ಅರಚಿದ್ದು ಜನರ ಜಯಕಾರದಲ್ಲಿ ಮುಳುಗಿಹೋಯಿತು. ಬಾಯಿ ತುಂಬ ಅರಿಷಿಣ ಬಿತ್ತು. ಅವಳು ಗುಂಡಿ ಒತ್ತಿದಳು.

ಕ್ಯಾಮೆರಾ ಸಾಯಲಿಲ್ಲ. ಲೆನ್ಸಿನ ಸುತ್ತ ಹಳದಿಯ ಒಂದು ಗೆರೆ ನಿಂತಿತು, ಎಷ್ಟು ಒರೆಸಿದರೂ ಹೋಗಲಿಲ್ಲ. "ಪ್ರಸಾದ ಬಿದ್ದದ, ಇನ್ನ ಅದಕ್ಕೇನೂ ಆಗೂದಿಲ್ಲ," ಎಂದಳು ಅವ್ವ. ನನ್ನ ಹೆದರಿಕೆ ಮಾತ್ರ ಆ ಪ್ರಸಾದದಿಂದಲೂ ಹೋಗಲಿಲ್ಲ.

ಆ ಫೋಟೋ ಈಗ ನಮ್ಮ ದೇವರ ಕೋಣೆಯ ಗೋಡೆಯ ಮೇಲಿದೆ. ಮುಂದೆ ಹಳದಿ ಮಳೆಯಲ್ಲಿ ನಗುತ್ತಿರುವ ಅವ್ವ. ಹಿಂದೆ ಎರಡೂ ತೋಳೆತ್ತಿ, ಕಣ್ಣರಳಿಸಿ, ಬಾಯಿ ತೆರೆದು ನಿಂತ ನಾನು. ಆಮೇಲೆ ಅವ್ವ ಗುಡ್ಡ ಹತ್ತಲಿಲ್ಲ. ಮನೆಗೆ ಬಂದವರನ್ನೆಲ್ಲ ಕೈ ಹಿಡಿದು ಒಳಗೆ ಕರೆದೊಯ್ದು ಫೋಟೋ ತೋರಿಸುತ್ತಾಳೆ. ತನ್ನನ್ನಲ್ಲ, ನನ್ನನ್ನು. "ನೋಡ್ರಿ ನಮ್ಮ ಹುಡುಗನ್ನ. ಮನ್ಯಾಗ ಒಂದ ದಿನ ದೀಪ ಹಚ್ಚಾಂವಲ್ಲ. ಅಲ್ಲಿ ಹೋದಕೂಡ್ಲೆ ಮೈಮ್ಯಾಲೆ ದೇವರು ಬಂದಂಗ ಆಗ್ಯಾನ!" ವಿಜಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಹೋಗುತ್ತಾಳೆ. ಬಂದವರು ನನಗೆ ಕೈ ಮುಗಿಯುತ್ತಾರೆ, ನಾನೂ ಮುಗಿಯುತ್ತೇನೆ. ಆ ಗಳಿಗೆಯಲ್ಲಿ ನಾನು ದೇವರನ್ನು ಕರೆದದ್ದಂತೂ ನಿಜ. ಯಾತಕ್ಕೆ ಕರೆದೆ ಎಂಬುದನ್ನು ಅವನೂ ಈವರೆಗೆ ಅವ್ವನಿಗೆ ಹೇಳಿಲ್ಲ, ನಾನೂ ಹೇಳಿಲ್ಲ.