ರೇಡಿಯೊದ ಬೆನ್ನಲ್ಲಿ ಚಿತ್ರದ ತೂತು

ಹುಣಸೂರು ತಾಲ್ಲೂಕಿಗೆ ಟೆಲಿವಿಷನ್ ಬರುವ ಎಷ್ಟೋ ಮೊದಲೇ ಅದಕ್ಕೆಂದು ಗೋಡೆಗೆ ಸುಣ್ಣ ಬಳಿದು ಕಾದ ಮಹಾನುಭಾವ ಯಾರಾದರೂ ಇದ್ದರೆ ಅದು ನಮ್ಮ ಚಿಕ್ಕಪ್ಪ! ಐವತ್ತರ ದಶಕದ ಮಾತು. ಹನಗೋಡಿನಲ್ಲಿ ಆಗ ರೇಡಿಯೊ ಇದ್ದದ್ದೇ ದೊಡ್ಡ ವಿಷಯ. ಅದೂ ಬ್ಯಾಟರಿಯದು, ನಮ್ಮ ಜಗುಲಿಯದು.

ಸಂಜೆಯಾದರೆ ಬೀದಿಯವರೆಲ್ಲ ಬಂದು ಕೂರುತ್ತಿದ್ದರು. ಎಲ್ಲರಿಗಿಂತ ಮುಂದೆ ನಮ್ಮಜ್ಜಿ. ಅಜ್ಜಿಗೋ ಕಿವಿ ಪೂರಾ ಹೋಗಿತ್ತು! ಜನ ನಕ್ಕಾಗ ತಾನೂ ನಗುವುದು, ಆಮೇಲೆ ಏನಂತೆ ಎಂದು ಮಗನ ಮುಖ ನೋಡುವುದು. ಆಗೆಲ್ಲ ಚಿಕ್ಕಪ್ಪ ಅವಳ ಕಿವಿಗೆ ಬಾಯಿಟ್ಟು ಕೂಗುತ್ತಿದ್ದ, ಅದೂ ಕೇಳುತ್ತಿರಲಿಲ್ಲ.

ಹೀಗಿರುವಾಗ ಕೊಪ್ಪದಲ್ಲಿ ಸಿಕ್ಕ ಮಿಲಿಟರಿಯವರೊಬ್ಬರು, ಪರದೇಶದಲ್ಲಿ ರೇಡಿಯೊದಂಥದ್ದೇ ಪೆಟ್ಟಿಗೆಯಲ್ಲಿ ಚಿತ್ರವೂ ಬರುತ್ತದೆ ಎಂದುಬಿಟ್ಟರು. ಸರಿ, ಚಿಕ್ಕಪ್ಪ ಮನೆಗೆ ಬಂದವನೇ ರೇಡಿಯೊದ ಬೆನ್ನು ತಿರುಗಿಸಿದ. ಒಂದು ತೂತಿಗೆ ತೆಂಗಿನಮರದಿಂದ ಇಳಿದ ಏರಿಯಲ್ ತಂತಿ. ಇನ್ನೊಂದಕ್ಕೆ ನೆಲದಲ್ಲಿ ಹೂತ ಅರ್ತ್ ತಂತಿ. ಅದರ ಬುಡಕ್ಕೆ ಅವನು ದಿನಾ ತುಳಸಿಗೆ ಹಾಕಿದಂತೆ ನೀರು ಹಾಕುತ್ತಿದ್ದ. ಮಿಕ್ಕಿದ್ದು ಎರಡು ಖಾಲಿ ತೂತು. ಕಂಪನಿಯವರು ಸುಮ್ಮನೆ ತೂತು ಕೊರೆಯುತ್ತಾರೆಯೇ? ಚಿತ್ರ ಹೊರಗೆ ಬರುವ ದಾರಿ ಅದೇ ಎಂದು ತೀರ್ಮಾನವಾಯಿತು! ಇನ್ನು ತನ್ನವ್ವನೂ ಎಲ್ಲರ ಜೊತೆ ನಗಬಹುದು.

ಜಗುಲಿಯ ಕ್ಯಾಲೆಂಡರ್ ಕೆಳಗಿಳಿಯಿತು, ಸಿನಿಮಾ ಪರದೆಯಂತೆ ಬೆಳ್ಳಗಿರಲೆಂದು ಗೋಡೆಗೆ ಸುಣ್ಣವಾಯಿತು, ಖಾಲಿ ತೂತುಗಳಿಂದ ತಾಮ್ರದ ತಂತಿ ಹೊರಟು ಗೋಡೆಯ ಮೊಳೆಗಳಿಗೆ ಸೇರಿತು. ಚಿತ್ರದ ಸುಳಿವಿಲ್ಲ! ಅಪ್ಪ ಅಣಕಿಸಿದರೆ ಚಿಕ್ಕಪ್ಪ ಕನಸಿನಲ್ಲಿದ್ದವನಂತೆ, “ಗ್ವಾಡೆ ಇನ್ನೂ ಹಸಿ ಅದೆ ಕಣಣ್ಣ, ಚಿತ್ರ ಜಾರ್ತದೆ” ಎಂದ. ಗೋಡೆಯೂ ಒಣಗಿತು. ಲಕ್ಷ್ಮಣತೀರ್ಥದ ಕಡೆಯಿಂದ ತಣ್ಣಗೆ ಗಾಳಿ ಬರುವ ಆ ಸಂಜೆಗಳಲ್ಲಿ ತಾಯಿ ಮಗ ಇಬ್ಬರೂ ಬೆಳ್ಳನೆಯ ಗೋಡೆ ನೋಡುತ್ತ ಕೂತಿರುತ್ತಿದ್ದರು. ನೋಡುತ್ತ ನೋಡುತ್ತ ನಮಗೂ ಅಲ್ಲೇನೋ ಅಲುಗಿದಂತಾಗುತ್ತಿತ್ತು. ಎಷ್ಟೋ ಸಲ ಅದು ಹಲ್ಲಿ.

ಕೊನೆಗೆ ಚಿಕ್ಕಪ್ಪ ರೇಡಿಯೊವನ್ನು ಪಂಚೆಯಲ್ಲಿ ಸುತ್ತಿಕೊಂಡು ಮೈಸೂರಿನ ಬಸ್ಸು ಹತ್ತಿದ. ರಿಪೇರಿಯವರು ನಕ್ಕು, ಅವು ಗ್ರಾಮಫೋನಿನ ತಂತಿ ಸಿಕ್ಕಿಸುವ ತೂತು, ಅಲ್ಲೂ ಬರೀ ಶಬ್ದವೇ ಸ್ವಾಮಿ ಎಂದರಂತೆ.

ಅವನು ವಾಪಸು ಬಂದಾಗ ಅಜ್ಜಿ ಗೋಡೆಯ ಮುಂದೆ ಚಾಪೆ ಹಾಸಿಕೊಂಡು ಕೂತಿದ್ದಳು. ಇವತ್ತು ಬರುತ್ತದಾ ಎಂದು ಕೇಳಿದಳು. ಚಿಕ್ಕಪ್ಪ ಪಂಚೆ ಬಿಚ್ಚಿ ರೇಡಿಯೊವನ್ನು ಅದರ ಜಾಗದಲ್ಲಿಟ್ಟ. ಗೋಡೆಯ ತಂತಿ ಕಿತ್ತ, ಲಾಟೀನು ಹಚ್ಚಿಟ್ಟ, ರೇಡಿಯೊ ಹಾಕಿದ, ತಾನೇ ಗೋಡೆಗೆ ಬೆನ್ನು ಕೊಟ್ಟು ನಿಂತ. ವಾರ್ತೆಯಲ್ಲಿ ಮಳೆ ಎಂದರೆ ಬೆರಳುಗಳನ್ನು ಹನಿಯಂತೆ ಉದುರಿಸಿದ. ಪ್ರವಾಹ ಎಂದರೆ ಈಜಿದ. ಮಂತ್ರಿಗಳ ಭಾಷಣಕ್ಕೆ ಹೊಟ್ಟೆ ಮುಂದೆ ಮಾಡಿದ! ಅಜ್ಜಿ ಬಿದ್ದು ಬಿದ್ದು ನಕ್ಕಳು. ಹಾಡು ಬಂದಾಗ ಮಾತ್ರ ಅವನಿಗೆ ಏನು ಮಾಡಲೂ ತೋಚಲಿಲ್ಲ. ಚಾಪೆಯ ಮೇಲೆ ಕೂತು ಅಜ್ಜಿಯ ಎರಡೂ ಕೈ ಹಿಡಿದು ತಾಳಕ್ಕೆ ಸರಿಯಾಗಿ ಮೆಲ್ಲಗೆ ತೂಗಿದ.

ಅಜ್ಜಿ ಕಣ್ಣು ಮುಚ್ಚಿಕೊಂಡಳು.

“ಈಗ ಕೇಳ್ತಾ ಅದೆ ಕಣ್ಲಾ ಮಗ,” ಎಂದಳು. “ಬುಡಬ್ಯಾಡ.”