ಕಾಲು ಸುತ್ತು

ಮೋಟರು ಬೇಡ ಎಂದದ್ದೇ ತಪ್ಪಾಯಿತು.

ಹಲಸೂರಿನ ಓಣಿಯೊಂದರಲ್ಲಿ ವೆಂಕಟಸ್ವಾಮಿಯೂ ಪಕ್ಕದ ಮನೆಯ ಶರ್ಫುನ್ನೀಸಾ ಆಪಾ ಅವರೂ ಸೇರಿಕೊಂಡು ಹಾಕಿಸಿದ್ದು ಒಂದೇ ಡಿಶ್ಶು. ಮದುವೆಮನೆಯ ಬಾಣಲೆಯನ್ನು ಆಕಾಶಕ್ಕೆ ಭಿಕ್ಷೆಗೆ ಹಿಡಿದಂತಿದ್ದ ಅದನ್ನು ಆಪಾ ಅವರ ತಾರಸಿಯ ಮೇಲೆ ಕೂರಿಸಿದ್ದರು; ವೆಂಕಟಸ್ವಾಮಿಯದು ಶೀಟಿನ ಮನೆ, ಭಾರ ತಡೆಯುವಂತಿರಲಿಲ್ಲ. ಅಲ್ಲಿಂದ ಎರಡೂ ಮನೆಗೆ ಒಂದೊಂದು ವೈರು. ಮೆಕ್ಯಾನಿಕ್ ಅಂಜನಮೂರ್ತಿ ಆವತ್ತೇ ಬಿಡಿಸಿ ಹೇಳಿದ್ದ.

“ನೋಡಿ ಸಾರ್, ಕೆಲವು ಚಾನೆಲ್ಲು ಅಡ್ಡಡ್ಡ ಬರ್ತವೆ, ಕೆಲವು ಉದ್ದುದ್ದ ಬರ್ತವೆ. ಡಿಶ್ ಮುಂದಿರೋ ಈ ಡಬ್ಬಿ ಅಡ್ಡ ಇದ್ರೆ ಅಡ್ಡದ್ದು ಮಾತ್ರ ಸಿಗುತ್ತೆ. ಕಾಲು ಸುತ್ತು ತಿರುಗಿಸಿದ್ರೆ ಉದ್ದದ್ದು ಮಾತ್ರ. ಪೋಲಾರಿಟಿ ಅಂತಾರೆ ಇದಕ್ಕೆ. ಮೋಟರ್ ಹಾಕ್ಸಿದ್ರೆ ಕೂತಲ್ಲೇ ತಿರುಗಿಸ್ಕೋಬೋದು.”

“ಮೋಟರ್ ಯಾಕ್ರೀ, ನಮಗೇನು ಕೈ ಇಲ್ವಾ?” ಎಂದುಬಿಟ್ಟಿದ್ದ ವೆಂಕಟಸ್ವಾಮಿ.

ಕೈ ಇತ್ತು. ಆದರೆ ಆಪಾ ನೋಡುವ ಉರ್ದು ಚಾನೆಲ್ಲು ಅಡ್ಡದ್ದು, ವೆಂಕಟಸ್ವಾಮಿ ನೋಡುವ ಕನ್ನಡದ್ದು ಉದ್ದದ್ದು. ಒಬ್ಬರ ಮನೆಯಲ್ಲಿ ಚಿತ್ರ ಬಂದರೆ ಇನ್ನೊಬ್ಬರ ಮನೆಯಲ್ಲಿ ಒಗ್ಗರಣೆ ಸಿಡಿದ ಹಾಗೆ ಬರೀ ಚುಕ್ಕೆ. ಹೋದ ತಿಂಗಳು ಆಪಾ ಅವರ ಧಾರಾವಾಹಿಯಲ್ಲಿ ಕಳೆದುಹೋಗಿದ್ದ ತಮ್ಮನೊಬ್ಬ ಹದಿನಾರು ವರ್ಷದ ಮೇಲೆ ಮನೆ ಬಾಗಿಲು ತಟ್ಟಿದ ಗಳಿಗೆಯಲ್ಲೇ ವೆಂಕಟಸ್ವಾಮಿ ಮೇಲೆ ಹತ್ತಿ ಡಬ್ಬಿ ತಿರುಗಿಸಿದ್ದ. ಬಾಗಿಲು ತೆರೆದವರು ಯಾರೆಂದು ಆಪಾಗೆ ಇವತ್ತಿಗೂ ಗೊತ್ತಿಲ್ಲ. ಓಣಿ ಕಿತ್ತುಹೋಗುವಂತೆ ಜಗಳವಾಯಿತು. ಸಿಟ್ಟಿನಲ್ಲಿ ವೆಂಕಟಸ್ವಾಮಿಯೇ ವಾರದ ಟೈಮ್‌ಟೇಬಲ್ ಬರೆದು ಇಬ್ಬರ ಗೋಡೆಗೂ ಅಂಟಿಸಿದ. ಭಾನುವಾರ ಮೂರರಿಂದ ಐದು, ಆಪಾ ಅವರದು. “ಇನ್ನು ನಿಮ್ಮ ಟೈಮಲ್ಲಿ ತಿರುಗ್ಸಿ ಅಂತ ನಾನು ಬಾಯಿಬಿಟ್ಟು ಕೇಳಿದ್ರೆ ಅರ್ಧ ಮೀಸೆ ಬೋಳಿಸ್ಕೋತೀನಿ!” ಎಂದು ಬೀದಿಯಲ್ಲಿ ನಿಂತು ಘೋಷಿಸಿದ.

ಗ್ರಹಚಾರ ನೋಡಿ. ಊರಿನ ಪ್ರತಿಭೆಗಳನ್ನು ತೋರಿಸುವ ಒಂದು ಕಾರ್ಯಕ್ರಮಕ್ಕೆ ವೆಂಕಟಸ್ವಾಮಿ ಸಿಳ್ಳೆಯಲ್ಲೇ ಒಂದು ದೇವರನಾಮ ನುಡಿಸಿ ಬಂದಿದ್ದ. ಪ್ರಸಾರ ಈ ಭಾನುವಾರ ಸಾಯಂಕಾಲ ನಾಲ್ಕಕ್ಕೆ ಎಂದು ಕಾಗದ ಬಂತು. ಕಾಗದವನ್ನು ಆಫೀಸಿನಲ್ಲಿ ತೋರಿಸಿದ, ಹಾಲಿನ ಬೂತಿನಲ್ಲಿ ತೋರಿಸಿದ, ಕ್ಷೌರದಂಗಡಿಯಲ್ಲಿ ಗಟ್ಟಿಯಾಗಿ ಓದಿದ. ಸೆಕ್ಷನ್ನಿನ ಮೇಲಧಿಕಾರಿ ಪ್ರೇಮ್‌ಕುಮಾರ್ ಅವರನ್ನೂ ಕಗ್ಗದಾಸಪುರದ ಅತ್ತೆಯನ್ನೂ ಮನೆಗೆ ಕರೆದ. ಆ ಹೊತ್ತು ಯಾರದು ಎಂಬುದು ಹೊಳೆದದ್ದು ಶನಿವಾರ ಗೋಡೆ ನೋಡಿದಾಗ.

“ಆಪಾನ ಒಂದು ಮಾತು ಕೇಳ್ಬಿಡಿ. ಎರಡು ನಿಮಿಷದ ವಿಷ್ಯ” ಎಂದಳು ಹೆಂಡತಿ ಹಂಸ.

“ಮೀಸೆ?” ಎಂದ ವೆಂಕಟಸ್ವಾಮಿ.

ಭಾನುವಾರ ಮಧ್ಯಾಹ್ನ ದೇವರು ಕಣ್ಣು ಬಿಟ್ಟ. ಆಪಾ ತಮ್ಮ ಅಣ್ಣನ ಮಗಳು ಜಹನಾರಾಳನ್ನು ಕರೆದುಕೊಂಡು ಶಿವಾಜಿನಗರಕ್ಕೆ ಊಟಕ್ಕೆ ಹೊರಟರು. ಆಟೋ ತಿರುವು ದಾಟಿದ್ದೇ ತಡ, ವೆಂಕಟಸ್ವಾಮಿ ಪಂಚೆ ಎತ್ತಿ ಕಟ್ಟಿ, ಸ್ಪ್ಯಾನರನ್ನು ಬಾಯಲ್ಲಿ ಕಚ್ಚಿ, ಏಣಿ ಇಟ್ಟು ಆಪಾ ಅವರ ತಾರಸಿಗೆ ದಾಟಿದ. ಕೆಳಗೆ ಟೀವಿ ಮುಂದೆ ಹಂಸ. ಗುಟ್ಟಿನ ಕೆಲಸವಾದ್ದರಿಂದ ಕೂಗುವಂತಿಲ್ಲ. ಚಿತ್ರ ಬಂದರೆ ತಟ್ಟೆಗೆ ಒಂದು ಏಟು, ಬರದಿದ್ದರೆ ಎರಡು ಎಂದು ಒಪ್ಪಂದ.

ಡಬ್ಬಿಯ ನಟ್ಟು ತುಕ್ಕು ಹಿಡಿದು ಕೂತಿತ್ತು. ಮೈಯೆಲ್ಲ ಭಾರ ಹಾಕಿ ಎಳೆಯುತ್ತಿದ್ದಾಗ ಎದುರು ಮನೆಯ ಬಾಲ್ಕನಿಯಿಂದ ಮುನಿಶಾಮಿಯ ಗಂಟಲು ಕೇಳಿತು. ಅದು ಪಿಸುಗುಟ್ಟಿದರೂ ಹಲಸೂರು ಕೆರೆಯಾಚೆಗೆ ಮುಟ್ಟುವ ಗಂಟಲು.

“ಏನ್ ಗುರುವೇ, ಆಪಾ ಮನೆ ಮೇಲೆ ಏನ್ಮಾಡ್ತಿದೀಯಾ?”

“ಬನೀನು ಹಾರ್ಕೊಂಡು ಬಂತು!”

“ಗಾಳಿನೇ ಇಲ್ವಲ್ಲೋ?”

ಉತ್ತರಕ್ಕೆ ಕಾಯದೆ ಮುನಿಶಾಮಿ ಇಳಿದು, ರಸ್ತೆ ದಾಟಿ, ಏಣಿ ಹತ್ತಿ ಬಂದೇಬಿಟ್ಟ. ಬರುವಾಗ ಹೆಂಡತಿಯ ಕೊಬ್ಬರಿ ಎಣ್ಣೆ ಬಾಟಲಿಯನ್ನೂ ತಂದಿದ್ದ. ಅರ್ಧ ಬಾಟಲಿ ನಟ್ಟಿಗೆ ಹೋಯಿತು, ಉಳಿದರ್ಧ ವೆಂಕಟಸ್ವಾಮಿಯ ಅಂಗಿಗೆ. ಕಡೆಗೆ ‘ಕಿರ್’ ಎಂದು ಡಬ್ಬಿ ಅಲುಗಿತು.

ಕೆಳಗಿಂದ ‘ಠಣ್’ ಎಂದು ಒಂದು ಏಟು.

“ಬಂತು!” ಎಂದು ನಟ್ಟು ಬಿಗಿಯಲು ಹೋದ. ‘ಠಣ್ ಠಣ್!’ ಸಡಿಲಿಸಿದ. ‘ಠಣ್!’ ಬಿಗಿದ. ‘ಠಣ್ ಠಣ್ ಠಣ್ ಠಣ್!’

“ನಾಲ್ಕು ಏಟಿಗೆ ಏನಂತೆ ಅರ್ಥ?” ಎಂದ ಮುನಿಶಾಮಿ.

ವೆಂಕಟಸ್ವಾಮಿ ಬಗ್ಗಿ ನೋಡಿದ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಬುಟ್ಟಿ ಇಳಿಸಿಕೊಂಡು, ಅವನ ಮನೆ ಬಾಗಿಲಲ್ಲೇ ಕೂತು ತಟ್ಟೆ ಬಡಿಯುತ್ತಿದ್ದಳು. ಒಳಗಿಂದ ಹಂಸ ಓಡಿಬಂದು ಗುಟ್ಟನ್ನೆಲ್ಲ ಗಾಳಿಗೆ ತೂರಿದಳು. “ರೀ! ಆಗಲೇ ಬಂದಿತ್ತಲ್ರೀ, ಮತ್ತೆ ಯಾಕ್ರೀ ತಿರುಗಿಸ್ತೀರಾ?”

ಅಂತೂ ಮೂರೂಕಾಲಿಗೆ ಡಬ್ಬಿ ಉದ್ದವಾಯಿತು. ಕನ್ನಡ ಚಾನೆಲ್ಲು ಕನ್ನಡಿಯಂತೆ ಬಂತು. ವೆಂಕಟಸ್ವಾಮಿ ಇಳಿದು, ಮೀಯಲು ಹೊತ್ತಿಲ್ಲದೆ ಅಂಗಿ ಮಾತ್ರ ಬದಲಿಸಿ, ಇದ್ದ ಪೌಡರನ್ನೆಲ್ಲ ಮೈಗೆ ಸುರಿದುಕೊಂಡ. ಎಣ್ಣೆಯ ಮೇಲೆ ಪೌಡರು ಕೂತು ಮೈಗೆ ಸುಣ್ಣ ಬಳಿದಂತಾಯಿತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಮನೆ ತುಂಬಿತ್ತು. ಪ್ರೇಮ್‌ಕುಮಾರ್ ಅವರಿಗೆ ಕುರ್ಚಿ, ಅತ್ತೆಗೆ ಮಂಚ. ತಾನಿಲ್ಲದಿದ್ದರೆ ಈ ಕಾರ್ಯಕ್ರಮವೇ ಇರುತ್ತಿರಲಿಲ್ಲ ಎಂಬ ಗತ್ತಿನಲ್ಲಿ ಮುನಿಶಾಮಿ ಎಲ್ಲರಿಗಿಂತ ಮುಂದೆ. ಪಕ್ಕದ ಮನೆ ಮುಂದೆ ಆಟೋ ನಿಂತ ಸದ್ದು ಯಾರ ಕಿವಿಗೂ ಬೀಳಲಿಲ್ಲ. ಕಾರ್ಯಕ್ರಮ ಶುರುವಾಯಿತು. ನಿರೂಪಕಿ ನಕ್ಕು, “ಈಗ ನಮ್ಮ ಮುಂದೆ ಹಲಸೂರಿನ ವೆಂಕಟಸ್ವಾಮಿಯವರು” ಎಂದಳು. ಪರದೆಯ ಮೇಲೆ ವೆಂಕಟಸ್ವಾಮಿ ಕೈಮುಗಿದು ತುಟಿ ಮುಂದೆ ಚಾಚಿದ.

ಸುರ್ ಎಂದು ಚುಕ್ಕೆ ತುಂಬಿತು.

“ಇದೇನಾ ಸಿಳ್ಳೆ?” ಎಂದರು ಅತ್ತೆ.

ವೆಂಕಟಸ್ವಾಮಿ ಮೈಗೆ ಬೆಂಕಿ ಬಿದ್ದವನಂತೆ ಹೊರಗೋಡಿದ. ಹೊಸ್ತಿಲಲ್ಲೇ ಶರ್ಫುನ್ನೀಸಾ ಆಪಾ ಎದುರಾದರು. ಕೈಯಲ್ಲಿ ಒಂದು ತಟ್ಟೆ ಫಿರ್ನಿ ಪಾಯಸ, ಮುಖದ ತುಂಬ ನಗು. ಹಿಂದೆ ಜಹನಾರಾ, ಕೈಯಲ್ಲಿ ಸ್ಪ್ಯಾನರು.

“ಬಂತಾ ಭಾಯ್, ನಿಮ್ದು ಸಿಳ್ಳೆ?” ಎಂದರು ಆಪಾ. “ಇಡೀ ಓಣಿಗೆ ಹೇಳ್ಕೊಂಡು ಬಂದ್ರಿ, ನನಗೆ ಮಾತ್ರ ಹೇಳಿಲ್ಲ. ಮೀಸೆ ಅಡ್ಡ ಬಂತು ಅಂತ ನನಗೆ ಗೊತ್ತಾಗಲ್ವಾ? ಇವತ್ತು ನನ್ ಸೀರಿಯಲ್‌ನಲ್ಲಿ ನಿಕಾಹ್ ಇದೆ. ಇರ್ಲಿ, ಜಿಂದಗೀಲಿ ಒಂದ್ಸಲ ಟೀವೀಲಿ ಬರ್ತಾರೆ ಪಾಪ ಅಂತ, ಊಟ ಅರ್ಧಕ್ಕೇ ಎದ್ದು ಬಂದು, ಈಗಷ್ಟೇ ಇವಳ ಕೈಲಿ ಕಾಲು ಸುತ್ತು ತಿರುಗಿಸ್ದೆ.”

“ಎಷ್ಟು ಸಲೀಸಾಗಿ ತಿರುಗ್ತು ಅಂಕಲ್! ಒಳ್ಳೆ ಬೆಣ್ಣೆ ಇದ್ದಂಗೆ” ಎಂದಳು ಜಹನಾರಾ.

ವೆಂಕಟಸ್ವಾಮಿ ಬಾಗಿಲ ಚೌಕಟ್ಟು ಹಿಡಿದುಕೊಂಡ. ಹೇಳಿದರೆ ಕಳ್ಳತನ ಒಪ್ಪಿದಂತೆ, ಹೇಳದಿದ್ದರೆ ಸಿಳ್ಳೆ ಹೋದಂತೆ. ಅವನ ಬದಲು ಮುನಿಶಾಮಿಯ ಗಂಟಲು ಒಳಗಿಂದ ಇಡೀ ಬೀದಿಗೆ ಹೇಳಿತು. “ಅಯ್ಯೋ ಆಪಾ! ನಾವು ಮೂರೂಕಾಲಿಗೇ ತಿರುಗಿಸಿದ್ವಲ್ಲಾ!”

ಅಷ್ಟರಲ್ಲಿ ಎರಡು ನಿಮಿಷದ ಸಿಳ್ಳೆ ಮುಗಿದೇ ಹೋಗಿತ್ತು. ಆಪಾ ಅವರ ಹುಬ್ಬು ಗಂಟಾಯಿತು. ಆಮೇಲೆ ನಿಧಾನವಾಗಿ ಬಿಚ್ಚಿಕೊಂಡಿತು.

“ಹಂಗಾದ್ರೆ... ಈಗ ನನ್ದು ಬರ್ತಾ ಇದೆಯಾ?”

ಬರುತ್ತಿತ್ತು. ಚುಕ್ಕೆ ನೋಡಿ ಬೇಸತ್ತ ಪ್ರೇಮ್‌ಕುಮಾರ್ ತಾವೇ ಎದ್ದು ಚಾನೆಲ್ ಬದಲಿಸಿದ್ದರು. ಆಪಾ ಫಿರ್ನಿಯನ್ನು ಹಂಸಳ ಕೈಗಿತ್ತು, ಅತ್ತೆಯ ಪಕ್ಕ ಮಂಚದ ಮೇಲೆ ಕೂತೇಬಿಟ್ಟರು. ಕೂತವರು ಸುಮ್ಮನಿರಲಿಲ್ಲ. ಯಾರು ಯಾರ ಮಗ, ಯಾರು ಯಾರಿಗೆ ವಿಷ ಹಾಕಿದ್ದು, ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮೇಲಧಿಕಾರಿ ಫಿರ್ನಿಯ ಚಮಚವನ್ನು ಬಾಯಿಗಿಡಲು ಮರೆತರು. ವರ “ಕಬೂಲ್” ಎನ್ನಬೇಕು, ಅಷ್ಟರಲ್ಲಿ ಯಾರೋ ಹೆಂಗಸು ಬಂದು “ಈ ಮದುವೆ ನಡೆಯಕೂಡದು!” ಎಂದಳು. ಆ ವಾರದ ಕಂತು ಅಲ್ಲಿಗೇ ಮುಗಿಯಿತು.

ಹೊರಡುವಾಗ ಪ್ರೇಮ್‌ಕುಮಾರ್ ವೆಂಕಟಸ್ವಾಮಿಯ ಎಣ್ಣೆಗೈ ಕುಲುಕಿದರು. “ಬಹಳ ಚೆನ್ನಾಗಿತ್ತು ಕಣ್ರೀ. ಮುಂದಿನ ಭಾನುವಾರ ಮಿಸೆಸ್ಸನ್ನೂ ಕರ್ಕೊಂಡು ಬರ್ತೀನಿ.” ಸಿಳ್ಳೆಯ ಮಾತು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ. ಅತ್ತೆಯಂತೂ ಶನಿವಾರವೇ ಬರುವುದಾಗಿ ಹೇಳಿ ಚಪ್ಪಲಿ ಮೆಟ್ಟಿದರು.

ಆಪಾ ಅವರಿಗೆ ಮನಸ್ಸು ತಡೆಯಲಿಲ್ಲ. “ಬೇಜಾರಾಗ್ಬೇಡಿ ಭಾಯ್. ಮುಂದಿನ ಭಾನುವಾರ ಆ ಟೈಮು ನೀವೇ ತಗೊಳ್ಳಿ. ನಿಮ್ದು ಚಾನೆಲ್ ನೋಡಿ.”

ಬಟ್ಟಲಿನ ಕಡೆಯ ಫಿರ್ನಿಯನ್ನು ಬೆರಳಲ್ಲಿ ಬಳಿಯುತ್ತಿದ್ದ ವೆಂಕಟಸ್ವಾಮಿ ಗಾಬರಿಯಿಂದ ತಲೆಯೆತ್ತಿದ.

“ಬೇಡ ಆಪಾ, ದಮ್ಮಯ್ಯ, ಮುಟ್ಟಬೇಡಿ ಅದನ್ನ! ಆ ಹೆಂಗ್ಸು ಯಾರು ಅಂತ ಗೊತ್ತಾಗೋದು ಬೇಡ್ವಾ?”